ಎರಡನೇ ತಿರುವಿನ ದೀಪ

ಜನವರಿ 4

ಮರಿ,

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ಅಂಚೆಯವನು ಬಾಗಿಲ ಸಂದಿಯಿಂದ ಒಳಗೆ ತಳ್ಳಿ ಹೋಗುತ್ತಾನೆ, ಕಸ ಗುಡಿಸುವಾಗಲಾದರೂ ನಿನ್ನ ಕೈಗೆ ಸಿಗುತ್ತದೆ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಾವು ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆಯ ಮಂಡಿನೋವು ಹಾಗೇ ಇದೆ, ನನ್ನನ್ನು ಬೈಯುವುದೂ ಹಾಗೇ ಇದೆ.

ನೀನು ಆಫೀಸು ಬಿಟ್ಟು ಹೋಗಿ ಬರುವ ತಿಂಗಳಿಗೆ ಎರಡು ವರ್ಷ. ನಿನ್ನ ಮೇಜಿನಲ್ಲಿ ಯಾರನ್ನೂ ಕೂರಿಸಿಲ್ಲ. ಗೋಡೆಯ ಮೊಳೆಗೆ ನಿನ್ನ ಕಪ್ಪು ಕೋಟು ಇನ್ನೂ ನೇತಾಡುತ್ತಿದೆ. ಬಿಳಿ ಬಟ್ಟೆ ಹಾಕಿಕೊಂಡು ಬೆಳಕು ಅಳೆಯುವ ಮೀಟರ್ ಮುಂದೆ ಕೂತರೆ ಬಟ್ಟೆಯ ಹೊಳಪೂ ಸೇರಿ ಮೀಟರ್ ಸುಳ್ಳು ಹೇಳುತ್ತದೆ ಎಂದು ನಾವಿಬ್ಬರೂ ಒಂದೇ ಥಾನಿನಲ್ಲಿ ಹೊಲಿಸಿದ್ದೆವಲ್ಲ, ಅದು. ನನ್ನದು ಹೊಟ್ಟೆಯ ಹತ್ತಿರ ಬಿಗಿಯಾಗಿದೆ. ಅದಕ್ಕೆಂದು ನಿನ್ನದನ್ನು ತೊಡುವ ಹಾಗಿಲ್ಲವಲ್ಲ.

ಈಗ ಕೆಲಸದ ಮಾತು. ಒಂದು ಮುದ್ರಣಾಲಯದವರು ಕೆಲಸ ಕೊಟ್ಟಿದ್ದಾರೆ. ಬೆಂಕಿಯೋ ಹೊಗೆಯೋ ಆಗಿ ಕರೆಂಟು ಹೋದರೆ ಜನ ಹೊರಗೆ ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ತುರ್ತು ದೀಪ ಬೇಕು, ಆ ದೀಪಗಳಿಂದ ನೆಲದ ಮೇಲೆ ಎಷ್ಟು ಬೆಳಕು ಬೀಳುತ್ತದೆ, ಅದೇ ನಮ್ಮ ಹಳೆಯ ಲೆಕ್ಕ. ಹದಿನೆಂಟು ಮೀಟರ್ ಉದ್ದದ ಓಣಿ, ಆರು ಮೀಟರಿಗೊಂದರಂತೆ ದೀಪ. ಎರಡು ದೀಪಗಳ ನಡುಮಧ್ಯದಲ್ಲಿ ನನಗೆ ಒಂದು ಪಾಯಿಂಟ್ ಎರಡು ಲಕ್ಸ್ ಬೆಳಕು ಬಂತು. ನಿಯಮಕ್ಕೆ ಒಂದು ಸಾಕು. ಆದರೂ ನೀನೊಮ್ಮೆ ಕಣ್ಣಾಡಿಸಿದರೆ ನನಗೆ ಸಮಾಧಾನ. ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ.

ಅಷ್ಟೇ. ಮೇಲಿನ ಮಾತು ಕೆಲಸದ್ದು ಮಾತ್ರ ಅಂದುಕೊಂಡರೂ ಸರಿಯೇ.

ಇಂತಿ,
ನಿನ್ನ ಅಣ್ಣ


ಜನವರಿ 19

ಅಣ್ಣನಿಗೆ,

ಕಾಗದ ಕಸದ ಜೊತೆ ಸಿಗಲಿಲ್ಲ, ಕೈಗೇ ಸಿಕ್ಕಿತು. ಹಾಳೆ ವಾಪಸು ಕಳಿಸಿದ್ದೇನೆ. ನೀನು ಗೋಡೆಯಿಂದ ಚಿಮ್ಮಿ ಬರುವ ಬೆಳಕನ್ನೂ ಲೆಕ್ಕಕ್ಕೆ ಸೇರಿಸಿದ್ದೀಯ. ಅದನ್ನು ತೆಗೆದರೆ ನಡುಮಧ್ಯದಲ್ಲಿ ಸೊನ್ನೆ ಪಾಯಿಂಟ್ ಏಳು ಮಾತ್ರ ಉಳಿಯುತ್ತದೆ. ದೀಪಗಳನ್ನು ಹತ್ತಿರ ತರಬೇಕು, ಇಲ್ಲವೇ ಇನ್ನೊಂದು ಹಾಕಬೇಕು. "ಹೊಗೆ ತುಂಬ್ಕೊಂಡ್ರೆ ಗೋಡೆ ಎಲ್ಲಿರುತ್ತೆ? ದೀಪದಿಂದ ನೇರ ನೆಲಕ್ಕೆ ಬಿದ್ದಿದ್ದಷ್ಟೇ ನಮ್ಮದು" ಎಂದು ಹದಿನೈದು ವರ್ಷದವಳಿದ್ದಾಗ ನನ್ನ ತಲೆಗೆ ತುಂಬಿದವನು ನೀನು. ನೀನೇ ಅದನ್ನು ಮರೆತರೆ ಹೇಗೆ?

ಇನ್ನು ಮುಂದೆ ನನಗೆ ಲೆಕ್ಕ ಕಳಿಸಬೇಡ. ನಾನು ಈಗ ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಅಲ್ಲಿ ತಪ್ಪು ಮಾಡಿದರೆ ಒಂದು ಮಾರ್ಕು ಹೋಗುತ್ತದೆ, ಯಾರ ಸೊಂಟವೂ ಮುರಿಯುವುದಿಲ್ಲ.

ಹಿರಿಯರ ನಿವಾಸದ ಆ ಅಜ್ಜಿ ಬಿದ್ದದ್ದು ನನ್ನ ಲೆಕ್ಕದಿಂದ ಎಂದು ತನಿಖೆಯವರು ಬರೆದದ್ದು ನನಗೆ ಬಾಯಿಪಾಠ ಆಗಿದೆ. ದೀಪಗಳೆಲ್ಲ ಉರಿಯುತ್ತಿದ್ದವು ಎಂಬುದಕ್ಕೆ ನಿನ್ನ ಸಹಿ ಇದೆ. ಹಾಗಾದರೆ ಮೆಟ್ಟಿಲಿನ ಎರಡನೇ ತಿರುವಿನಲ್ಲಿ ಬೆಳಕೇ ಸಾಲದೆ ಹೋಗಿರಬೇಕು. ಬೆಳಕಿನ ಲೆಕ್ಕ ಮಾಡಿದವಳು ನಾನು. ಅವರ ವರದಿಯಲ್ಲಿ ಇಷ್ಟೇ, ಮೂರೇ ಸಾಲು. ಆ ಮೂರು ಸಾಲಿಗೆ ಉತ್ತರ ಹುಡುಕುತ್ತಾ ಎರಡು ವರ್ಷದಲ್ಲಿ ಆ ಮೆಟ್ಟಿಲಿನ ಲೆಕ್ಕವನ್ನು ಎಷ್ಟು ಸಲ ಮಾಡಿದೆನೋ. ಪ್ರತಿ ಸಲವೂ ಒಂದು ಪಾಯಿಂಟ್ ಆರೇ ಬರುತ್ತದೆ. ತಪ್ಪು ಎಲ್ಲಿದೆ ಎಂದು ಸಿಕ್ಕರೆ ನಿದ್ದೆಯಾದರೂ ಬರುತ್ತಿತ್ತು.

ಅತ್ತಿಗೆಗೆ ನಮಸ್ಕಾರ ತಿಳಿಸು. ಮಂಡಿಗೆ ಬಿಸಿನೀರಿನ ಶಾಖ ಕೊಡಲು ಹೇಳು.

ತಂಗಿ


ಫೆಬ್ರುವರಿ 11

ಮರಿ,

ಗೋಡೆಯ ಬೆಳಕು ಸೇರಿಸಿದ್ದು ಬೇಕೆಂದೇ. ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಬಿದ್ದರೆ ತಿದ್ದದೆ ಬಿಡುವವಳು ನೀನಲ್ಲ ಎಂದು ಗೊತ್ತಿತ್ತು. ಎರಡು ವರ್ಷದ ಮೇಲೆ ನಿನ್ನ ಅಕ್ಷರ ನೋಡಬೇಕಿತ್ತು, ನೋಡಿದೆ. ಬೈದುಕೋ.

ನಿನಗೆ ನೆನಪಿದೆಯೋ ಇಲ್ಲವೋ. ಅಪ್ಪ ಅಮ್ಮ ಇಬ್ಬರೂ ಹೋದ ವರ್ಷ, ನಿನಗೆ ಹತ್ತು, ನನಗೆ ಇಪ್ಪತ್ತೈದು. ಕರೆಂಟು ಹೋದಾಗ ನೀನು ಅಡುಗೆಮನೆಯ ಮೂಲೆ ಹಿಡಿದು ಕೂತುಬಿಡುತ್ತಿದ್ದೆ. ನಿನ್ನ ಹೆದರಿಕೆ ಬಿಡಿಸಲು ಮೇಣದಬತ್ತಿ ಹಚ್ಚಿ ಕಾಗದ ಹಿಡಿದು ತೋರಿಸಿದೆ. ಕಾಗದವನ್ನು ಎರಡರಷ್ಟು ದೂರ ಒಯ್ದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ ಎಂದಾಗ, ಉಳಿದ ಕಾಲು ಎಲ್ಲಿಗೆ ಹೋಯಿತು ಎಂದು ಜಗಳಕ್ಕೆ ನಿಂತೆ. ಹೆದರಿಕೆ ಅಲ್ಲಿಗೇ ಮರೆತುಹೋಯಿತು. ಆಮೇಲೆ ನೀನು ನನಗಿಂತ ಚುರುಕಾದೆ. ಊರಿಗೆಲ್ಲ ಹೇಳಿಕೊಂಡು ತಿರುಗಿದೆ, ನಿನ್ನೆದುರು ಮಾತ್ರ ಹೇಳಲಿಲ್ಲ.

ಹೋದ ವಾರ ಆ ನಿವಾಸಕ್ಕೆ ಹೋಗಿದ್ದೆ. ತನಿಖೆ ಮುಗಿದ ಮೇಲೆ ಇದೇ ಮೊದಲು. ಅಜ್ಜಿ ಗಾಲಿಕುರ್ಚಿಯಲ್ಲಿ ಕೂತು ಯಾರದೋ ದಿಂಬಿಗೆ ಚೀಲ ಹೊಲಿಯುತ್ತಿದ್ದರು. ನಲವತ್ತು ವರ್ಷ ದರ್ಜಿ ಕೆಲಸ ಮಾಡಿದವರು. ಅಲ್ಲಿ ಎಲ್ಲರೂ ಅವರನ್ನು ಹೊಲಿಗೆ ಅಜ್ಜಿ ಎನ್ನುತ್ತಾರೆ. ನಾನು ಯಾರೆಂದು ಹೇಳಿದೆ. ಕೂರಲು ಹೇಳಿದರು. ಅವತ್ತು ಅಡುಗೆಮನೆಯಲ್ಲಿ ಹೊಗೆ ಎದ್ದದ್ದು, ಅಲಾರಂ ಕೂಗಿದ್ದು, ಕರೆಂಟು ಹೋದದ್ದು, ಮಧ್ಯಾಹ್ನವೇ ಆದರೂ ಕಿಟಕಿಯಿಲ್ಲದ ಆ ಮೆಟ್ಟಿಲಲ್ಲಿ ಎಲ್ಲರೂ ಕಂಬಿ ಹಿಡಿದು ಇಳಿದದ್ದು, ಎಲ್ಲವನ್ನೂ ನಿನ್ನೆ ಮೊನ್ನೆ ನಡೆದಂತೆ ಹೇಳಿದರು. ಬೆಳಕು ಕಡಿಮೆ ಇದ್ದದ್ದಕ್ಕೆ ಕ್ಷಮಿಸಿ ಎಂದೆ. ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದರು.

"ಬೆಳಕು ಕಮ್ಮಿ ಇತ್ತು ಅಂತ ನಾನ್ಯಾವತ್ತಪ್ಪ ಹೇಳ್ದೆ? ಆ ತಿರುವಿನಲ್ಲಿ ದೀಪಾನೇ ಹತ್ತಿರ್ಲಿಲ್ಲ ಅಂದೆ. ಅವರು ಬರ್ಕೊಂಡಿದ್ದು ಬೇರೆ."

ನಾನು ಎದ್ದು ಬಂದೆ. ಇದನ್ನು ನಿನಗೆ ಯಾಕೆ ಬರೆಯುತ್ತಿದ್ದೇನೆ ಎಂದು ನನಗೇ ಗೊತ್ತಿಲ್ಲ.

ನಿನ್ನ ಅಣ್ಣ


ಫೆಬ್ರುವರಿ 24

ಚಿರಂಜೀವಿ ನಾದಿನಿಗೆ,

ನಾನು ಬರೆಯುತ್ತಿರುವುದು ನಿನ್ನ ಅಣ್ಣನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ದಿನಾ ಬೆಳಿಗ್ಗೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು ನಿನಗೆ ಕಾಗದ ಬರೆಯುತ್ತಾರೆ, ಸಂಜೆ ಹರಿದು ಹಾಕುತ್ತಾರೆ. ಈ ವಾರದಲ್ಲೇ ಏಳು ಹರಿದರು. ನಾನು ತುಂಡು ಜೋಡಿಸಿ ಓದುವವಳಲ್ಲ, ಆದರೆ ಊಟ ಬಿಟ್ಟರೆ ಸುಮ್ಮನಿರುವವಳೂ ಅಲ್ಲ. ನೀನೇ ಬಾಯಿ ಬಿಟ್ಟು ಕೇಳು. ನೀನು ಕೇಳಿದರೆ ಹೇಳಿಯಾರು. ನಾನು ಕೇಳಿದರೆ ಮಂಡಿ ಹೇಗಿದೆ ಎಂದು ಮಾತು ಹಾರಿಸುತ್ತಾರೆ.

ಮೈ ಕಡೆ ನೋಡಿಕೋ.

ಅತ್ತಿಗೆ


ಮಾರ್ಚ್ 2

ಅಣ್ಣ,

ಒಂದೇ ಪ್ರಶ್ನೆ. ಸುತ್ತಿ ಬಳಸಿ ಬೇಡ.

ಕಟ್ಟಡ ಒಪ್ಪಿಸುವ ದಿನ ಕರೆಂಟು ತೆಗೆಸಿ, ಟಾರ್ಚು ಹಿಡಿಯದೆ, ಒಬ್ಬನೇ ಮೇಲಿನಿಂದ ಕೆಳಗೆ ಇಳಿದು ಬಂದು "ನಡೆದು ನೋಡಿದೆ, ದಾರಿ ಕಾಣುತ್ತದೆ" ಎಂದು ರಿಜಿಸ್ಟರಿನಲ್ಲಿ ಬರೆಯುವುದು ನೀನು ಹಾಕಿಕೊಂಡ ಪದ್ಧತಿ. ಮೀಟರ್ ಇಡುವುದು ಮಹಡಿಗೆ ನಾಲ್ಕೇ ಕಡೆ, ಮಿಕ್ಕಿದ್ದಕ್ಕೆಲ್ಲ ನಿನ್ನ ಲೆಕ್ಕ ನನ್ನ ಕಣ್ಣು ಎನ್ನುತ್ತಿದ್ದೆ. ಅವತ್ತು ನಿವಾಸದಲ್ಲಿ ನಾನು ಕೆಳಗೆ ಮೇನ್ ಸ್ವಿಚ್ಚಿನ ಹತ್ತಿರ ನಿಂತಿದ್ದೆ. ನೀನು ಇಳಿದು ಬಂದೆ, ಬರೆದೆ, ಸಹಿ ಹಾಕಿದೆ.

ಎರಡನೇ ತಿರುವಿನ ದೀಪ ಉರಿಯುತ್ತಿದ್ದದ್ದನ್ನು ನೀನು ನೋಡಿದೆಯಾ? ಹೌದು ಅಥವಾ ಇಲ್ಲ.

ತಂಗಿ


ಏಪ್ರಿಲ್ 20

ಮರಿ,

ಇಲ್ಲ.

ಈ ಎರಡಕ್ಷರ ಬರೆಯಲು ಏಳು ವಾರ ಹಿಡಿಯಿತು. ಇನ್ನು ಮಿಕ್ಕಿದ್ದನ್ನೂ ಹೇಳಿಬಿಡುತ್ತೇನೆ, ಹರಿದು ಹಾಕುವ ಮೊದಲು ನಿನ್ನ ಅತ್ತಿಗೆ ಅಂಚೆಗೆ ಹಾಕಲಿ.

ನಾಲ್ಕು ವರ್ಷದ ಹಿಂದೆ ಕಣ್ಣಿನ ಡಾಕ್ಟರು ನನಗೆ ಇರುಳುಗುರುಡು ಅಂದರು. ಬಿಸಿಲಲ್ಲಿ ಸೂಜಿಯ ಕಣ್ಣೂ ಕಾಣುತ್ತದೆ, ಮಬ್ಬಿನಲ್ಲಿ ಎದುರಿಗಿರುವ ಕಂಬವೂ ಕಾಣುವುದಿಲ್ಲ. ವಾಸಿಯಾಗುವಂಥದಲ್ಲ ಅಂದರು. ನಾನು ಯಾರಿಗೂ ಹೇಳಲಿಲ್ಲ. ಮಬ್ಬಿನಲ್ಲಿ ದಾರಿ ಕಾಣುತ್ತದೆ ಎಂದು ಬರೆದುಕೊಡುವುದೇ ನನ್ನ ಹೊಟ್ಟೆಪಾಡು, ಅದೇ ಕಾಣುವುದಿಲ್ಲ ಎಂದರೆ ಯಾರು ಕರೆಯುತ್ತಾರೆ?

ಹಾಗಾದರೆ ಹೇಗೆ ಇಳಿಯುತ್ತಿದ್ದೆ ಎಂದು ಕೇಳುತ್ತೀಯ. ನಿನ್ನ ನಕ್ಷೆಯಿಂದ. ಹಿಂದಿನ ದಿನ ಕೂತು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಬಾಗಿಲಿನಿಂದ ಒಂಬತ್ತು ಹೆಜ್ಜೆ, ಬಲಕ್ಕೆ ತಿರುಗಿ ಹನ್ನೊಂದು ಮೆಟ್ಟಿಲು, ಕಂಬಿ ಮುಗಿಯುವಲ್ಲಿ ಎರಡು ಹೆಜ್ಜೆ, ಮತ್ತೆ ಹನ್ನೊಂದು. ನಿನ್ನ ನಕ್ಷೆ ಎಷ್ಟು ಕರಾರುವಾಕ್ಕಾಗಿತ್ತೆಂದರೆ ಒಂದು ಸಲವೂ ಎಡವಲಿಲ್ಲ. ದೀಪ ಉರಿದರೂ ಇಳಿಯುತ್ತಿದ್ದೆ, ಉರಿಯದಿದ್ದರೂ ಇಳಿಯುತ್ತಿದ್ದೆ. ನನ್ನ ಮಟ್ಟಿಗೆ ಬೆಳಕಿನ ಅಗತ್ಯವೇ ಇರಲಿಲ್ಲ.

ಮೊನ್ನೆ ನಿವಾಸದ ಉಗ್ರಾಣಕ್ಕೆ ಹೋದೆ. ಅಜ್ಜಿ ಬಿದ್ದ ಮರುದಿನ ಬೆಳಿಗ್ಗೆ ಅಲ್ಲಿನ ವೈರ್‌ಮನ್ ಹೆದರಿಕೊಂಡು, ಯಾರೂ ಅಳತೆ ಮಾಡುವ ಮೊದಲೇ, ಆ ದೀಪ ಕಿತ್ತು ದೊಡ್ಡದು ಹಾಕಿದ್ದ. ಹಳೆಯದು ರಟ್ಟಿನ ಪೆಟ್ಟಿಗೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. ಕಿಟಕಿಯ ಹತ್ತಿರ ತಂದು ಮುಚ್ಚಳ ಬಿಚ್ಚಿದೆ. ಹೊಸ ದೀಪ ಬರುವಾಗ ಬ್ಯಾಟರಿ ಇಳಿಯದಿರಲಿ ಎಂದು ಅದರ ಕೊಂಡಿಯನ್ನು ಬಿಡಿಸಿಯೇ ಕಳಿಸುತ್ತಾರಲ್ಲ, ದೀಪ ಕೂರಿಸುವ ನಮ್ಮ ಫಿಟ್ಟರ್ ಅದನ್ನು ಸೇರಿಸಿ ಮುಚ್ಚಬೇಕು. ಆ ಕೆಂಪು ಕೊಂಡಿಯ ಮೇಲೆ ಕಾರ್ಖಾನೆಯ ಕಾಗದದ ಪಟ್ಟಿ ಇನ್ನೂ ಅಂಟಿಕೊಂಡಿದೆ. ಯಾರೂ ಸೇರಿಸಿಯೇ ಇಲ್ಲ. ಕರೆಂಟು ಇದ್ದಾಗ ಚೆನ್ನಾಗಿ ಉರಿಯುತ್ತಿತ್ತು, ಹೋದ ಮೇಲೆ ಒಂದು ಕ್ಷಣವೂ ಉರಿದಿಲ್ಲ. ನಾನು ನಡೆದು ನೋಡಿದ ದಿನವೂ ಉರಿದಿಲ್ಲ.

ನಿನ್ನ ಒಂದು ಪಾಯಿಂಟ್ ಆರು ಸರಿ. ಮೊದಲಿನಿಂದಲೂ ಸರಿ. ಇನ್ನು ಆ ಲೆಕ್ಕ ಮಾಡಬೇಡ.

ತನಿಖೆಯವರು ನಿನ್ನ ಹೆಸರು ಬರೆದಾಗ ನಾನು ಅದೇ ಕೋಣೆಯಲ್ಲಿದ್ದೆ. ತುಟಿ ಬಿಚ್ಚಲಿಲ್ಲ. ಇವಳು ಚಿಕ್ಕವಳು, ಬೇರೆ ಕೆಲಸ ಸಿಕ್ಕೀತು ಎಂದು ಲೆಕ್ಕ ಹಾಕಿದೆ. ನನ್ನ ಜೀವಮಾನದಲ್ಲಿ ಹಾಕಿದ ಲೆಕ್ಕಗಳಲ್ಲೆಲ್ಲ ಅದೇ ಅತ್ಯಂತ ನೀಚ ಲೆಕ್ಕ.

ಇನ್ನೂ ಒಂದಿದೆ. ಡಾಕ್ಟರು ಹೇಳಿದ ಮೇಲೆ ನಾನು ಸಹಿ ಹಾಕಿದ ಕಟ್ಟಡಗಳು ಮೂವತ್ತೊಂದು. ಅದರಲ್ಲಿ ಒಂಬತ್ತು ಅಜ್ಜಿ ಬಿದ್ದ ಮೇಲಿನವು. ನೀನಿಲ್ಲದ ಆ ಒಂಬತ್ತಕ್ಕೆ ನಾನೇ ಹಗಲಲ್ಲಿ ಹೋಗಿ ಮೆಟ್ಟಿಲು ಎಣಿಸಿಕೊಂಡು ಬರುತ್ತಿದ್ದೆ. ಶಾಲೆ ಇದೆ, ಒಂದು ಹೆರಿಗೆ ಆಸ್ಪತ್ರೆ ಇದೆ. ಅಲ್ಲೆಲ್ಲ ಯಾವ ದೀಪ ಉರಿಯುತ್ತದೆ, ಯಾವುದು ಇಲ್ಲ ಎಂಬುದು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಹೇಳಿದರೆ ಲೈಸೆನ್ಸು ಹೋಗುತ್ತದೆ, ಮೂವತ್ತು ವರ್ಷದ ಹೆಸರು ಹೋಗುತ್ತದೆ. ಹೇಳದಿದ್ದರೆ ಏನಾಗಬಹುದು ಎಂದು ಯೋಚಿಸಲು ಕೂರಲೂ ಆಗುತ್ತಿಲ್ಲ. ನನಗೆ ಹೆದರಿಕೆಯಾಗಿದೆ ಮರಿ.

ಅಣ್ಣ


ಏಪ್ರಿಲ್ 26

ಅಣ್ಣ,

ಕಾಗದ ಓದಿದ ಮೇಲೆ ಶಾಲೆಗೆ ಹೋಗಲಿಲ್ಲ. ಮಧ್ಯಾಹ್ನದವರೆಗೂ ನಿನ್ನನ್ನು ಬೈದೆ, ಇಲ್ಲಿ ಬರೆಯಲಾಗದ ಮಾತುಗಳಲ್ಲಿ. ನನ್ನ ಕೈಯ ಲೆಕ್ಕದ ಮೇಲೆ ನನಗೇ ನಂಬಿಕೆ ಹೋಗಿತ್ತಲ್ಲ, ಅಂಗಡಿಯಲ್ಲಿ ಚಿಲ್ಲರೆ ಕೊಟ್ಟರೂ ಎರಡು ಸಲ ಎಣಿಸುತ್ತಿದ್ದೆನಲ್ಲ. ಅದನ್ನು ನೀನು ನೋಡುತ್ತಾ ಸುಮ್ಮನಿದ್ದೆ. ಇದನ್ನು ನಾನು ಹೊಟ್ಟೆಗೆ ಹಾಕಿಕೊಳ್ಳುತ್ತೇನೋ ಇಲ್ಲವೋ ಈಗ ಹೇಳಲಾರೆ. ಕೇಳಬೇಡ.

ಆದರೆ ಸಂಜೆಗೆ ಇನ್ನೊಂದು ನೆನಪಾಯಿತು, ಅದನ್ನು ಬಚ್ಚಿಟ್ಟರೆ ನಾನೂ ನಿನ್ನಂಥವಳೇ ಆಗುತ್ತೇನೆ.

ನನಗೆ ಗೊತ್ತಿತ್ತು.

ಸಿನಿಮಾ ಮಂದಿರದ ಕೆಲಸದಲ್ಲಿ ನೀನು ಕುರ್ಚಿಗಳ ಸಾಲು ತಡವುತ್ತಾ ಹೋದದ್ದನ್ನು ನೋಡಿದೆ. ಮನೆಯಲ್ಲಿ ಕರೆಂಟು ಹೋದಾಗ ಲೋಟದ ಪಕ್ಕಕ್ಕೆ ನೀರು ಸುರಿದು, ಲೋಟವೇ ಜಾರಿತು ಎಂದು ನಕ್ಕೆ. ನಾನೂ ನಕ್ಕೆ. ನೀನಾಗಿ ಹೇಳಲಿ ಎಂದು ಕಾದೆ. ಮೆಟ್ಟಿಲು ಇಳಿಯುವಾಗ ನಿನ್ನ ತುಟಿ ಅಲ್ಲಾಡುವುದನ್ನು ಕಂಡ ಮೇಲೆ ನಕ್ಷೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ದಪ್ಪ ಅಂಕಿ ಬರೆಯತೊಡಗಿದೆ. ಒಂಬತ್ತು, ಹನ್ನೊಂದು, ಎರಡು, ಹನ್ನೊಂದು. ಬೆಳಕಿನ ನಕ್ಷೆಯಲ್ಲಿ ಹೆಜ್ಜೆಯ ಲೆಕ್ಕ ಯಾಕೆ ಬೇಕು ಎಂದು ನೀನು ಒಮ್ಮೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀನು ಬೀಳಬಾರದು ಎಂದಷ್ಟೇ ನನ್ನ ತಲೆಯಲ್ಲಿತ್ತು. ನಿನ್ನ ಹಿಂದೆ ಇಳಿಯುವವರ ಬಗ್ಗೆ ಯೋಚಿಸಲಿಲ್ಲ. ತಂದೆಯಂತೆ ಸಾಕಿದವನಿಗೆ ನಿನಗೆ ಕಣ್ಣು ಕಾಣುತ್ತಿಲ್ಲ ಎಂದು ಮುಖದ ಮೇಲೆ ಹೇಳುವ ಧೈರ್ಯ ನನಗಿರಲಿಲ್ಲ. ತನಿಖೆಯ ದಿನವೂ ಒಳಗೊಂದು ಅನುಮಾನ ಇತ್ತು. ಅದನ್ನು ಮುಚ್ಚಲೆಂದೇ ಎರಡು ವರ್ಷ ನನ್ನ ಲೆಕ್ಕದಲ್ಲಿ ತಪ್ಪು ಹುಡುಕಿದೆನೇನೋ.

ಈಗ ಅಳುವುದು, ಕ್ಷಮೆ ಎಲ್ಲ ಆಮೇಲೆ. ಮೂವತ್ತೊಂದರ ಪಟ್ಟಿ ಕಳಿಸು. ವಿಳಾಸ, ಮಹಡಿ, ದೀಪಗಳ ಸಂಖ್ಯೆ. ತಪಾಸಣೆ ಕಚೇರಿಗೆ ನೀನೇ ನಿನ್ನ ಕೈಯಾರೆ ಬರೆದು ಕೊಡಬೇಕು, ನಾನು ಕೊಟ್ಟರೆ ಅದು ಚಾಡಿಯಾಗುತ್ತದೆ. ಮುಂದಿನ ವಾರದಿಂದ ಶಾಲೆಗೆ ರಜೆ. ಬರುತ್ತೇನೆ. ಮನೆಗಲ್ಲ, ಲಾಡ್ಜಿನಲ್ಲಿರುತ್ತೇನೆ. ಫಿಟ್ಟರನ್ನು ನನ್ನ ಜೊತೆ ಕಳಿಸು. ಕಪ್ಪು ಕೋಟನ್ನೂ.

ತಂಗಿ


ಮೇ 9

ಮರಿ,

ಈ ಕಾಗದವನ್ನೂ ಕೋಟನ್ನೂ ಫಿಟ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನನ್ನು ಬೈಯಬೇಡ. ಕೊಂಡಿ ಸೇರಿಸದೆ ಬಿಟ್ಟವನು ತಾನು ಎಂದು ಗೊತ್ತಾದಾಗಿನಿಂದ ಎರಡು ದಿನ ಊಟ ಮಾಡಿಲ್ಲ. ನೂರು ದೀಪ ಹಾಕುವವನು ಒಂದು ಮರೆಯುತ್ತಾನೆ, ಅದನ್ನು ಹಿಡಿಯುವುದಕ್ಕೇ ನಾನಿದ್ದದ್ದು ಎಂದು ಹೇಳಿದ್ದೇನೆ.

ಸೋಮವಾರ ತಪಾಸಣೆ ಕಚೇರಿಗೆ ಬರೆದುಕೊಟ್ಟೆ. ಅಲ್ಲಿನ ಅಧಿಕಾರಿ ನನ್ನ ಕೈಕೆಳಗೆ ಕೆಲಸ ಕಲಿತವನು. ಎರಡು ಸಲ ಓದಿದ. ವಾಪಸು ತೆಗೆದುಕೊಂಡು ಹೋಗಿ ಇನ್ನೊಮ್ಮೆ ಯೋಚಿಸಿ ಎಂದ. ಯೋಚಿಸಿ ಯೋಚಿಸಿಯೇ ನಾಲ್ಕು ವರ್ಷ ಆಯಿತು ಎಂದೆ. ಲೈಸೆನ್ಸು ಮೇಜಿನ ಮೇಲಿಟ್ಟು ಬಂದೆ. ನಿನ್ನ ಮೇಲಿನ ಮೂರು ಸಾಲನ್ನು ಹೊಡೆದು ಹಾಕುವುದಾಗಿ ಬರೆದುಕೊಟ್ಟಿದ್ದಾನೆ, ಅದರ ನಕಲು ಇದರೊಳಗಿದೆ.

ಅಲ್ಲಿಂದ ನೇರ ಹೊಲಿಗೆ ಅಜ್ಜಿಯ ಹತ್ತಿರ ಹೋದೆ. ಕುರ್ಚಿಯಲ್ಲಿ ಕೂರಲು ಮನಸ್ಸಾಗಲಿಲ್ಲ, ನಿಂತೇ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಕೈಯಲ್ಲಿದ್ದ ದಾರವನ್ನು ಸುತ್ತಿ ಬದಿಗಿಟ್ಟರು.

"ಅಂದ್ರೆ ನಾನು ಸುಳ್ಳು ಹೇಳಿರ್ಲಿಲ್ಲ ಅಂತಾಯ್ತು" ಎಂದರು. "ನನ್ನ ಮಗನೂ ನಂಬಿರ್ಲಿಲ್ಲಪ್ಪ. ವಯಸ್ಸಾಯ್ತು, ಕಣ್ಣು ಮಂಜು ಅಂದ. ಅವನಿಗೊಂದು ಕಾಗದ ಬರ್ದುಕೊಡ್ತೀಯಾ?"

ಬರೆದುಕೊಟ್ಟೆ. ಮುರಿದ ಸೊಂಟದ ಮಾತು ಅವರು ಎತ್ತಲೇ ಇಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ನೀನು ಇದೇ ಊರಿನಲ್ಲಿದ್ದೀಯ, ಎರಡು ಬೀದಿಯಾಚೆ. ನಿನ್ನ ಅತ್ತಿಗೆ ದಿನಾ ಮೂರು ತಟ್ಟೆ ಇಡುತ್ತಾಳೆ, ಆಮೇಲೆ ಒಂದನ್ನು ಎತ್ತಿಡುತ್ತಾಳೆ. ಬಾ ಎನ್ನುತ್ತಿಲ್ಲ. ಸುಮ್ಮನೆ ಹೇಳಿದೆ.

ಅಣ್ಣ


ಜೂನ್ 17

ಅಣ್ಣ,

ಮೂವತ್ತೊಂದೂ ಮುಗಿದವು. ಪ್ರತಿ ದೀಪದ ಮುಚ್ಚಳ ಬಿಚ್ಚಿಸಿದೆ, ಪ್ರತಿ ಮೆಟ್ಟಿಲ ಮೇಲೂ ಮೀಟರ್ ಇಟ್ಟೆ. ಮೂರು ಕಟ್ಟಡಗಳಲ್ಲಿ ಒಟ್ಟು ನಾಲ್ಕು ದೀಪ ಉರಿಯುತ್ತಿರಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಒಂದು, ಲಿಫ್ಟಿನ ಪಕ್ಕದ ಮೆಟ್ಟಿಲಿನ ತಲೆಯ ಮೇಲಿನದು. ಅದನ್ನು ಸರಿಮಾಡಿಸಿ ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕೂತೆ. ಒಬ್ಬಳು ಬಾಣಂತಿ ಮಗುವನ್ನೆತ್ತಿಕೊಂಡು ಅದೇ ಮೆಟ್ಟಿಲಿಳಿದು ಬಂದು ಆಟೋ ಹತ್ತಿದಳು. ಅಲ್ಲಿ ಯಾರಿಗೂ ಏನೂ ಆಗಲಿಲ್ಲ ಎಂಬುದು ನಮ್ಮ ಅದೃಷ್ಟವೇ ಹೊರತು ನಮ್ಮ ಕೆಲಸವಲ್ಲ.

ನಿವಾಸದವರು ಮೆಟ್ಟಿಲಿನ ಬೆಳಕನ್ನು ಹೊಸದಾಗಿ ಲೆಕ್ಕ ಹಾಕಲು ನನಗೇ ಹೇಳಿದ್ದಾರೆ. ಒಪ್ಪಿಕೊಂಡೆ. ಹಳೆಯ ಒಂದು ಪಾಯಿಂಟ್ ಆರು ನಿಯಮಕ್ಕೆ ಸರಿಯಾಗಿತ್ತು, ಆದರೆ ಒಂದು ಲಕ್ಸ್ ಅಂದರೆ ಹುಣ್ಣಿಮೆಯ ಬೆಳದಿಂಗಳ ನಾಲ್ಕೈದು ಪಟ್ಟು, ಅಷ್ಟೇ. ಗಟ್ಟಿ ಕಣ್ಣಿನವರಿಗೆ ಅದು ಸಾಕು. ಅಲ್ಲಿ ಇರುವವರೆಲ್ಲ ಎಂಬತ್ತರ ಆಚೆಯವರು. ನಿಯಮಕ್ಕಿಂತ ಐದಾರು ಪಟ್ಟು ಇಟ್ಟು ಮಾಡಿದ್ದೇನೆ.

ಇಷ್ಟು ಸಾಕೋ ಸಾಲದೋ ಎಂದು ಹೇಳಲು ನನ್ನ ಕಣ್ಣು ಪ್ರಯೋಜನಕ್ಕೆ ಬರುವುದಿಲ್ಲ, ಫಿಟ್ಟರಿನದೂ ಬರುವುದಿಲ್ಲ. ಆ ಮುದುಕರನ್ನು ಕತ್ತಲಲ್ಲಿ ಇಳಿಸಿ ಪರೀಕ್ಷೆ ಮಾಡುವ ಹಾಗೂ ಇಲ್ಲ. ನನಗೆ ಬೇಕಾದ ಕಣ್ಣು ಒಂದೇ ಒಂದು ಇದೆ. ಸಹಿ ನನ್ನದು, ನಡಿಗೆ ನಿನ್ನದು. ನಾನು ಎರಡು ಮೆಟ್ಟಿಲು ಕೆಳಗೆ ಇರುತ್ತೇನೆ, ಬಿದ್ದರೆ ಹಿಡಿಯುತ್ತೇನೆ.

ಹಳೆಯ ಮೆಟ್ಟಿಲು ನಿನಗೆ ಬಾಯಿಪಾಠ ಇದೆ, ಅದಕ್ಕೆ ಈ ಸಲ ನಿವಾಸದ್ದೇ ಪಕ್ಕದ ಕಟ್ಟಡದಲ್ಲಿ. ಅಲ್ಲಿಯೂ ಕಿಟಕಿಯಿಲ್ಲದ ಮೆಟ್ಟಿಲೇ, ನೀನು ಕಾಲಿಟ್ಟಿಲ್ಲ. ಅಲ್ಲಿ ಸರಿಹೋದದ್ದನ್ನೇ ಹಳೆಯ ಮೆಟ್ಟಿಲಿಗೂ ಹಾಕಿಸುತ್ತೇನೆ. ಮೂವತ್ತನೇ ತಾರೀಕು, ಬೆಳಿಗ್ಗೆ ಹನ್ನೊಂದಕ್ಕೆ. ಮೊದಲೇ ಹೋಗಿ ಎಣಿಸಿಕೊಂಡು ಬಂದರೆ ನನಗೆ ಗೊತ್ತಾಗುತ್ತದೆ, ಅಜ್ಜಿಯನ್ನು ಕಾವಲಿಗೆ ಇಟ್ಟಿದ್ದೇನೆ.

ನಕ್ಷೆ ಕಳಿಸುವುದಿಲ್ಲ.

ತಂಗಿ


ಜುಲೈ 8

ಅಣ್ಣ,

ಅವತ್ತು ಮಾತಾಡದೆಯೇ ಬಸ್ಸು ಹತ್ತಿಬಿಟ್ಟೆ. ಮರುದಿನ ಶಾಲೆಯಿತ್ತು, ಏನೋ ಒಂದು ನೆಪ. ಅಲ್ಲಿ ನಡೆದದ್ದರಲ್ಲಿ ನಿನಗೆ ಕಾಣದೆ ಹೋದದ್ದನ್ನು ಬರೆಯಬೇಕು ಅನ್ನಿಸಿತು.

ನೀನು ಮೇಲಿನ ಬಾಗಿಲಲ್ಲಿ ನಿಂತಾಗ ಕೆಳಗೆ ಹಜಾರದಲ್ಲಿ ಇಪ್ಪತ್ತು ಮಂದಿ ಹಿರಿಯರು ಕುರ್ಚಿ ಹಾಕಿಕೊಂಡು ಕೂತಿದ್ದರು. ಯಾರೂ ಕರೆದಿರಲಿಲ್ಲ, ಅವರೇ ಬಂದರು. ಹೊಲಿಗೆ ಅಜ್ಜಿಯ ಗಾಲಿಕುರ್ಚಿ ಮೆಟ್ಟಿಲಿನ ಬುಡದಲ್ಲೇ ಇತ್ತು. ಫಿಟ್ಟರ್ ಮೇನ್ ತೆಗೆದ. ದೀಪಗಳು ಹೊತ್ತಿಕೊಂಡವು. ನೀನು ಹೊರಟೆ.

ಮೊದಲ ಹತ್ತು ಮೆಟ್ಟಿಲು ಸಲೀಸಾಗಿ ಇಳಿದೆ. ನಿನ್ನ ತುಟಿಯನ್ನೇ ನೋಡುತ್ತಿದ್ದೆ. ಅಲ್ಲಾಡಲಿಲ್ಲ. ಮೊದಲ ತಿರುವು ದಾಟಿದೆ. ನನಗೆ ಎಷ್ಟು ಖುಷಿಯಾಯಿತೆಂದರೆ ಆಗಲೇ ಮನಸ್ಸಿನಲ್ಲಿ ಸಹಿ ಹಾಕಿಬಿಟ್ಟಿದ್ದೆ. ಎರಡನೇ ತಿರುವು ತಿರುಗಿ ಒಂದು ಮೆಟ್ಟಿಲು ಇಳಿದೆ, ಕಾಲು ಮುಂದಿಟ್ಟೆ, ಹಿಂದಕ್ಕೆ ತೆಗೆದುಕೊಂಡೆ. ನಿಂತೆ.

ನನ್ನ ಮೀಟರಿನಲ್ಲಿ ಆ ಮೆಟ್ಟಿಲಿಗೆ ಆರು ಲಕ್ಸ್ ಇತ್ತು. ಬೆಳಿಗ್ಗೆಯೇ ಬರೆದುಕೊಂಡಿದ್ದೆ. ನೀನು ಯಾಕೆ ನಿಂತೆ ಎಂದು ಅರ್ಥವಾಗಲಿಲ್ಲ. ಆಗ ನಿನಗೆ ಕಾಣದ್ದು ಏನೆಂದರೆ, ನನ್ನ ಬಾಯಿ ತೆರೆದಿತ್ತು. ಇನ್ನು ಹತ್ತು ಮೆಟ್ಟಿಲು ಅಣ್ಣ, ಕಂಬಿ ನೇರ ಇದೆ, ಬಾ ಎಂದು ಹೇಳಲು. ನಾಲಿಗೆಯ ತುದಿಯಲ್ಲಿತ್ತು. ಕೆಂಪು ಶಾಯಿಯ ಅಂಕಿ ಬರೆದ ಕೈ ಇದೇ ಎಂದು ನೆನಪಾಗಿ, ಅಂಗೈಯಿಂದ ಬಾಯಿ ಮುಚ್ಚಿಕೊಂಡೆ. ನೀನು ಹಾಗೇ ಅಂದಾಜಿನ ಮೇಲೆ ಇಳಿದುಬಿಡುತ್ತೀಯ ಎಂದು ಹೆದರಿದೆ. ಇಳಿಯಬಲ್ಲವನು ನೀನು.

ಎಷ್ಟು ಹೊತ್ತಾಯಿತೋ. ಆಮೇಲೆ ನೀನು ಇಡೀ ಹಜಾರಕ್ಕೆ ಕೇಳುವಂತೆ ಹೇಳಿದೆ.

"ಮರಿ, ಇಲ್ಲಿ ನಂಗೆ ಕಾಣ್ತಿಲ್ಲ."

ಕೆಳಗೆ ಹೊಲಿಗೆ ಅಜ್ಜಿ ಕಣ್ಣು ಮುಚ್ಚಿಕೊಂಡು ತಲೆದೂಗಿದರು. ಪಕ್ಕದಲ್ಲಿದ್ದ ಒಬ್ಬ ತಾತ, ಕರೆಂಟು ಹೋದ್ರೆ ನಂಗೂ ಅಲ್ಲಿ ಕಾಣೋದಿಲ್ಲ ಕಣಮ್ಮ, ಹೇಳೋಕೆ ನಾಚಿಕೆ ಅಂತ ಸುಮ್ಮನಿದ್ದೆ, ಎಂದರು. ಇನ್ನಿಬ್ಬರು ತಮಗೂ ಅಂದರು. ನಾನು ಗೋಡೆಗೆ ತಿರುಗಿ ಅತ್ತೆ. ಅದೂ ನಿನಗೆ ಕಂಡಿರುವುದಿಲ್ಲ.

ಮೇಲೆ ಬಂದು ನಿನ್ನ ಹಿಂದೆ ನಿಂತು ನೋಡಿದಾಗ ಗೊತ್ತಾಯಿತು. ದೀಪ ನಿನ್ನ ಬೆನ್ನಿಗಿತ್ತು. ಇಳಿಯುವವನ ನೆರಳು ಅವನ ಮುಂದಿನ ಮೆಟ್ಟಿಲ ಮೇಲೇ ಬೀಳುತ್ತದೆ. ಮೀಟರ್ ಇಟ್ಟಾಗ ನಾನು ಪಕ್ಕಕ್ಕೆ ಸರಿದು ಕೂತಿದ್ದೆ, ನೆರಳು ಬೀಳಬಾರದೆಂದು, ನೀನು ಕಲಿಸಿದ ಹಾಗೆ. ಇಷ್ಟು ವರ್ಷ ನಾವಿಬ್ಬರೂ ಮಾಡಿದ್ದು ಮನುಷ್ಯರಿಲ್ಲದ ಮೆಟ್ಟಿಲಿನ ಲೆಕ್ಕ. ನೀನು ನಿಜವಾಗಿ ನಡೆದು ನೋಡಿದ್ದರಿಂದ ಅದು ಸಿಕ್ಕಿತು.

ರಿಜಿಸ್ಟರಿನಲ್ಲಿ ಹೀಗೆ ಬರೆದಿದ್ದೇನೆ: "ಎರಡನೇ ತಿರುವು, ಎರಡನೇ ಮೆಟ್ಟಿಲು. ಮೀಟರ್ ಆರು ಲಕ್ಸ್. ಕಾಣುವುದಿಲ್ಲ. ನಡೆದವರು, ನನ್ನ ಅಣ್ಣ." ಅದರ ಕೆಳಗೆ ನನ್ನ ಸಹಿ.

ದೀಪವನ್ನು ಎದುರಿನ ಗೋಡೆಗೆ ಸರಿಸಲು ಹೇಳಿದ್ದೇನೆ. ಇಪ್ಪತ್ತೊಂದನೇ ತಾರೀಕು ಮತ್ತೆ ನಡೆಯಬೇಕು. ಇಪ್ಪತ್ತರ ಸಂಜೆಗೆ ನಾನು ಬರುತ್ತೇನೆ. ಲಾಡ್ಜಿಗೆ ಹೇಳಿಲ್ಲ. ಮೂರನೇ ತಟ್ಟೆಯನ್ನು ಎತ್ತಿಡಬೇಡ ಎಂದು ಅತ್ತಿಗೆಗೆ ಹೇಳು. ನಾನು ಬರುವ ಹೊತ್ತಿಗೆ ಕತ್ತಲಾಗಿರುತ್ತದೆ, ನೀನು ಬಸ್‌ಸ್ಟ್ಯಾಂಡಿಗೆ ಬರಬೇಡ. ಬಾಗಿಲಲ್ಲಿ ದೀಪ ಹಾಕಿಕೊಂಡು ನಿಂತಿರು, ನಾನೇ ಬರುತ್ತೇನೆ.

ನಿನ್ನ
ಮರಿ